ಹಿಟ್ಟು ಉಣ್ಣೋ ಮಕ್ಳು ಓದಬಾರ್ದಾ, ಮೇಷ್ಟ್ರೇ?

ಪೋಷಕ ಬಂಧುಗಳೇ, ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದಿಟ್ಟು ಮಾತು ಶುರು ಮಾಡುತ್ತೇನೆ.

ತಾಳವಾಡಿ ಸೀಮೆಯ ಒಂದು ಕನ್ನಡ ಶಾಲೆಯಲ್ಲಿ ನಾನು ಮುಖ್ಯೋಪಾಧ್ಯಾಯನಾಗಿದ್ದ ಕಾಲ. ಮಧ್ಯಾಹ್ನ ಶಾಲೆಯಲ್ಲೇ ಅನ್ನ, ಸಾಂಬಾರು ಕೊಡುತ್ತಿದ್ದರು. ಆದರೂ ಹತ್ತು ಹನ್ನೆರಡು ಮಕ್ಕಳು ಮನೆಯಿಂದ ಡಬ್ಬಿಯಲ್ಲಿ ಹಿಟ್ಟು ತರುತ್ತಿದ್ದರು. ನಮ್ಮ ಕಡೆ ರಾಗಿಮುದ್ದೆಗೆ ಹಿಟ್ಟು ಅಂತಲೇ ಹೆಸರು. ತಟ್ಟೆಗೆ ಶಾಲೆಯ ಸಾಂಬಾರು ಹಾಕಿಸಿಕೊಂಡು, ಮನೆಯ ಹಿಟ್ಟನ್ನು ಮುರಿದು ಅದರಲ್ಲಿ ಅದ್ದಿ ಉಣ್ಣುವರು. ಅದರಲ್ಲಿ ಯಾರಿಗೂ ತೊಂದರೆ ಇರಲಿಲ್ಲ.

ಒಂದು ದಿನ ಮೇಲಧಿಕಾರಿಗಳು ತಪಾಸಣೆಗೆ ಬರುವವರಿದ್ದರು. ಶಾಲೆ ಗುಡಿಸಿ, ಸಾರಿಸಿ, ಹೊಸ ಸೀಮೆಸುಣ್ಣ ಇಟ್ಟು ಎಲ್ಲ ಸಿದ್ಧ ಮಾಡಿದ್ದೆವು. ಊಟದ ಗಂಟೆ ಹೊಡೆಯುವ ಮುಂಚೆ ನಾನು ಮಕ್ಕಳಿಗೆ, "ಹಿಟ್ಟು ತಂದಿರೋರು ಇವತ್ತು ಹಿಂದುಗಡೆ ಹುಣಸೆ ಮರದ ಕೆಳಗೆ ಕೂತ್ಕೊಳ್ಳಿ, ಸಾಹೇಬರ ಕಣ್ಣಿಗೆ ಬೀಳಬೇಡಿ" ಅಂದೆ. ಸಾಲಾಗಿ ಕೂತ ಮಕ್ಕಳ ತಟ್ಟೆಯಲ್ಲಿ ಬೆಳ್ಳಗಿನ ಅನ್ನ ಮಾತ್ರ ಕಾಣಲಿ ಎಂಬುದು ನನ್ನ ಆಸೆ. ಸಾಹೇಬರು ಬಂದರು, ಪುಸ್ತಕಕ್ಕೆ ಸಹಿ ಹಾಕಿದರು, ಹೋದರು. ಹಿಟ್ಟಿನ ವಿಷಯ ಅವರು ಕೇಳಲೂ ಇಲ್ಲ.

ಮಾರನೆಯ ದಿನ ಐದನೇ ತರಗತಿಯ ಒಬ್ಬ ಹುಡುಗಿ ಡಬ್ಬಿ ತರಲಿಲ್ಲ. ವಾರ ಕಳೆಯುವುದರಲ್ಲಿ ಯಾರೂ ತರಲಿಲ್ಲ. ಕೆಲವು ದಿನಗಳ ಮೇಲೆ ಆ ಹುಡುಗಿಯ ತಾಯಿ ಶಾಲೆಗೆ ಬಂದರು. ತಲೆಯ ಮೇಲಿದ್ದ ಹುಲ್ಲಿನ ಹೊರೆಯನ್ನು ಗೇಟಿನ ಪಕ್ಕ ಇಳಿಸಿ, ಬಾಗಿಲಲ್ಲೇ ನಿಂತು ಕೇಳಿದ್ದು ಒಂದೇ ಮಾತು: "ಹಿಟ್ಟು ಉಣ್ಣೋ ಮಕ್ಳು ಓದಬಾರ್ದಾ, ಮೇಷ್ಟ್ರೇ? ನನ್ ಮಗಳು ಮನೇಲೂ ಹಿಟ್ಟು ಮುಟ್ಟಾಕಿಲ್ಲ ಅಂತಾಳೆ."

ನನ್ನಲ್ಲಿ ಉತ್ತರ ಇರಲಿಲ್ಲ. ಅದೇ ತಿಂಗಳು ನಾನು ತರಗತಿಯಲ್ಲಿ ಕನಕದಾಸರ ರಾಮಧಾನ್ಯ ಚರಿತ್ರೆಯ ಕಥೆ ಹೇಳಿದ್ದೆ. ಅಕ್ಕಿಗೂ ರಾಗಿಗೂ ಜಗಳವಾಗಿ, ಆರು ತಿಂಗಳು ಸೆರೆಯಲ್ಲಿದ್ದ ಮೇಲೂ ರಾಗಿ ಕೆಡದೆ ಉಳಿದು ರಾಮನಿಂದ ಮೆಚ್ಚುಗೆ ಪಡೆದ ಕಥೆ. ಮಕ್ಕಳು ಚಪ್ಪಾಳೆ ತಟ್ಟಿದ್ದರು. ಪಾಠದಲ್ಲಿ ಗೆಲ್ಲಿಸಿದ ರಾಗಿಯನ್ನು ಊಟದ ಹೊತ್ತಿಗೆ ಹುಣಸೆ ಮರದ ಹಿಂದಕ್ಕೆ ಕಳಿಸಿದವನು ನಾನೇ.

ಆ ಹುಡುಗಿಗೆ ನಾನು ಬಾಯಲ್ಲಿ ಬೈದಿರಲಿಲ್ಲ. ಆದರೆ ನಿನ್ನ ಮನೆಯ ಊಟ ನಾಲ್ಕು ಜನರ ಮುಂದೆ ತೋರಿಸುವಂಥದ್ದಲ್ಲ ಎಂದು ಕಲಿಸಿಬಿಟ್ಟಿದ್ದೆ. ಅದನ್ನು ಕಲಿತ ಮಗು, ನನ್ನ ಮನೆಯ ಮಾತೂ ತೋರಿಸುವಂಥದ್ದಲ್ಲ ಎಂದು ತಾನಾಗಿಯೇ ಕಲಿಯಲು ಹೆಚ್ಚು ದಿನ ಬೇಕಾಗುವುದಿಲ್ಲ. ಗಡಿಯಾಚೆ ಕನ್ನಡ ಶಾಲೆಗೆ ಮಕ್ಕಳನ್ನು ಕಳಿಸುವ ನಿಮಗೆ ಈ ಸಂಗತಿ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಹೊಲದಲ್ಲಿ ಏನಿದೆ, ನಮ್ಮ ತಟ್ಟೆಯಲ್ಲಿ ಏನಿದೆ

ತಾಳವಾಡಿ ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿದೆ. ಸತ್ಯಮಂಗಲದಿಂದ ಬರುವವರು ದಿಂಬಂ ಘಾಟಿಯ 27 ತಿರುವು ಹತ್ತಿ ಬರಬೇಕು. ಚಾಮರಾಜನಗರದಿಂದ ಬರುವವರಿಗೆ ನೆಲ ಸಮತಟ್ಟು, ಮಾತೂ ಒಂದೇ. ನಾನು ಹುಡುಗನಾಗಿದ್ದಾಗ ಇಲ್ಲಿನ ಹೊಲವೆಂದರೆ ರಾಗಿ ಹೊಲ. ಬರೀ ರಾಗಿ ಅಲ್ಲ. ರಾಗಿಯ ನಡುವೆ ಇಷ್ಟಿಷ್ಟು ಅಂತರಕ್ಕೆ ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ. ಮುದ್ದೆಗೆ ಬೇಕಾದ ಸಾರು, ಸಾರಿಗೆ ಬೇಕಾದ ಒಗ್ಗರಣೆ, ಎತ್ತಿಗೆ ಬೇಕಾದ ಹುಲ್ಲು ಎಲ್ಲ ಒಂದೇ ಹೊಲದಲ್ಲಿ. ಮಳೆ ಕೈಕೊಟ್ಟು ಒಂದು ಹೋದರೆ ಇನ್ನೊಂದು ಉಳಿಯುತ್ತಿತ್ತು. ಒಕ್ಕಣೆ ಮುಗಿದ ಮೇಲೆ ರಾಗಿಯನ್ನು ನೆಲದೊಳಗಿನ ಹಗೇವಿಗೆ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಹುಳು ಹಿಡಿಯುತ್ತಿರಲಿಲ್ಲ.

ಈಗ ಅದೇ ಹೊಲಗಳಲ್ಲಿ ಎಲೆಕೋಸು, ಬೀಟ್‌ರೂಟ್, ಆಲೂಗಡ್ಡೆ, ಬೆಳ್ಳುಳ್ಳಿ, ಮುಸುಕಿನ ಜೋಳ ಕಾಣುತ್ತವೆ. ತಪ್ಪೇನೂ ಇಲ್ಲ, ಕೊಳವೆಬಾವಿಗೆ ಸಾಲ ಮಾಡಿದವನಿಗೆ ದುಡ್ಡು ತರುವ ಬೆಳೆ ಬೇಕು. ಆದರೆ ಒಮ್ಮೆ ಲೆಕ್ಕ ಹಾಕಿ. ತರಕಾರಿ ಲಾರಿ ಹತ್ತಿ ಮೆಟ್ಟುಪಾಳಯಂ ಕಡೆಗೆ ಇಳಿಯುತ್ತದೆ. ಬೆಲೆ ಬಿದ್ದ ವರ್ಷ ಕುಯ್ಲಿನ ಕೂಲಿಯೂ ಹುಟ್ಟದೆ ಕೋಸು ಹೊಲದಲ್ಲೇ ಕೊಳೆಯುತ್ತದೆ. ಮುಸುಕಿನ ಜೋಳದ ಬಹುಪಾಲು ಕೋಳಿ ಆಹಾರಕ್ಕೆ ಹೋಗುತ್ತದೆ. ಕೋಳಿ ಸಾಕಣೆಗೆ ಹೆಸರಾದ ನಾಮಕ್ಕಲ್ ಕಡೆಯ ಮೊಟ್ಟೆ ಶಾಲೆಯ ಊಟಕ್ಕೆ ಬರುತ್ತದೆ. ನಮ್ಮ ನೆಲ ಬೆಳೆದದ್ದು ಹೀಗೆ ಸುತ್ತು ಹೊಡೆದು ನಮ್ಮ ಮಕ್ಕಳಿಗೆ ಸಿಕ್ಕರೂ ಮಗುವಿಗೆ ಆ ದಾರಿ ತಿಳಿಯದು. ಎದುರಿನ ಹೊಲದಲ್ಲಿ ಕೋಸು ಕೊಳೆಯುತ್ತಿರುವಾಗ ಶಾಲೆಯ ಅಡುಗೆಗೆ ಪೇಟೆಯಿಂದ ತರಕಾರಿ ಬಂದದ್ದನ್ನು ನಾನೇ ಕಂಡಿದ್ದೇನೆ. ಇನ್ನು ಶಾಲೆಯ ಗೇಟಿನ ಹೊರಗೆ ಐದು ರೂಪಾಯಿಗೆ ತೂಗುಹಾಕಿದ ಬಣ್ಣದ ಪ್ಯಾಕೆಟ್ಟುಗಳ ವಿಷಯ ನಿಮಗೇ ಗೊತ್ತು.

ಹಳೆಯದೆಲ್ಲ ಚಿನ್ನ ಎಂದು ನಾನು ಹೇಳುವುದಿಲ್ಲ. ಆ ರಾಗಿ ಕಾಲದಲ್ಲೇ ಬೇಸಿಗೆಯಲ್ಲಿ ಒಂದು ಹೊತ್ತು ಉಂಡು ಮಲಗಿದ ಮನೆಗಳಿದ್ದವು. ಆಗಿನ ಮದ್ರಾಸ್ ರಾಜ್ಯದಲ್ಲಿ 1956ರಲ್ಲಿ ಕಾಮರಾಜರು ಮಧ್ಯಾಹ್ನದ ಊಟ ತರದೆ ಇದ್ದಿದ್ದರೆ, 1982ರಲ್ಲಿ ಎಂ.ಜಿ.ಆರ್. ಅದನ್ನು ಹಿಗ್ಗಿಸದೆ ಇದ್ದಿದ್ದರೆ, ನನ್ನ ಎಷ್ಟೋ ವಿದ್ಯಾರ್ಥಿಗಳು ದನ ಕಾಯುವುದರಲ್ಲೇ ಉಳಿಯುತ್ತಿದ್ದರು. ಆ ಊಟಕ್ಕೆ ತಮಿಳಿನಲ್ಲಿ ಸತ್ತುಣವು ಎಂದು ಹೆಸರು. ಸತ್ತು ಅಂದರೆ ಸತ್ವ, ಉಣವು ಅಂದರೆ ಊಟ. ಮೊದಮೊದಲು ನಮ್ಮ ಅಜ್ಜಿಯರು, "ಸತ್ತು ಉಣ್ಣೋದೇನಪ್ಪಾ, ಬದುಕಿ ಉಣ್ರಿ" ಎಂದು ನಗುತ್ತಿದ್ದರು. 2022ರಿಂದ ಪ್ರಾಥಮಿಕ ಶಾಲೆಗಳಿಗೆ ಬೆಳಗಿನ ತಿಂಡಿಯೂ ಬಂದಿದೆ. ಇವನ್ನು ಬಿಡಿಸಿ ಮಕ್ಕಳಿಗೆ ಡಬ್ಬಿ ಕಟ್ಟಿ ಎಂದು ನಾನು ಹೇಳುತ್ತಿಲ್ಲ. ಮಕ್ಕಳು ಶಾಲೆಯಲ್ಲಿ ಉಣ್ಣಲಿ. ಊರಿನ ಹೊಲ ಆ ತಟ್ಟೆಯಿಂದ ಪೂರ್ತಿ ಹೊರಗೆ ಉಳಿಯದಿರಲಿ ಎಂಬುದಷ್ಟೇ ನನ್ನ ಮಾತು.

ರಾಗಿಯ ಲೆಕ್ಕ

ಬೆಳೆಯುವ ಮಕ್ಕಳ ಮೂಳೆಗೆ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಪಟ್ಟಿಯ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಮೂ ಇಲ್ಲ. ಕಬ್ಬಿಣದ ಅಂಶದಲ್ಲೂ ರಾಗಿ ಮುಂದೆ. ಆದರೆ ರಾಗಿಯಲ್ಲಿರುವ ಕೆಲವು ಪದಾರ್ಥಗಳು ಈ ಸತ್ವ ಪೂರ್ತಿ ಮೈಗೆ ಹತ್ತದಂತೆ ತಡೆಯುತ್ತವೆ. ಮೊಳಕೆ ಕಟ್ಟಿ, ಒಣಗಿಸಿ, ಬೀಸಿದರೆ ಆ ತಡೆ ಕಡಿಮೆಯಾಗುತ್ತದೆ. ಕೂಸುಗಳಿಗೆ ಮಣ್ಣಿ ಮಾಡಲು ನಮ್ಮ ತಾಯಂದಿರು ಮೊಳಕೆ ರಾಗಿಯನ್ನೇ ಯಾಕೆ ಬಳಸುತ್ತಿದ್ದರು ಎಂಬುದಕ್ಕೆ ಇದೇ ಕಾರಣ. ಸೊಪ್ಪಿನ ಸಾರಿಗೆ ನಿಂಬೆಹುಳಿ ಹಿಂಡಿದರೆ ಕಬ್ಬಿಣ ಹೆಚ್ಚು ಮೈಗೆ ಸೇರುತ್ತದೆ.

ಈ ಬೆಳೆಯ ಹಿಂದೆ ವಿದ್ಯೆಯೂ ಇದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಕೆಲಸ ಮಾಡಿದ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ದೇಶದ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಇಂಡಾಫ್ ಎಂಬ ತಳಿಗಳನ್ನು ಕೊಟ್ಟರು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. 'ಓದದಿದ್ದರೆ ರಾಗಿ ಕುಯ್ಯೋಕೆ ಹೋಗ್ತೀಯ' ಎಂದು ಮಕ್ಕಳನ್ನು ಗದರಿಸುವ ಮುಂಚೆ, ಓದಿದವರೊಬ್ಬರು ಇಡೀ ಆಯುಷ್ಯವನ್ನು ರಾಗಿಗೆ ಕೊಟ್ಟದ್ದನ್ನು ನೆನೆಯಿರಿ. ಗದರಿಸಿದವರಲ್ಲಿ ನಾನೂ ಒಬ್ಬ.

ಸರ್ಕಾರಗಳೂ ಈಗ ಈ ಕಡೆ ತಿರುಗಿವೆ. ಭಾರತ ಕೇಳಿಕೊಂಡಂತೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಅದೇ ವರ್ಷ ತಮಿಳುನಾಡಿನ ನೀಲಗಿರಿ, ಧರ್ಮಪುರಿ ಜಿಲ್ಲೆಗಳಲ್ಲಿ ಪಡಿತರದ ಅಕ್ಕಿಯಲ್ಲಿ ಎರಡು ಕಿಲೋ ಬದಲಿಗೆ ರಾಗಿ ಕೊಡಲು ಶುರು ಮಾಡಿದರು. ಗಡಿಯಾಚೆ ಕರ್ನಾಟಕದ ಶಾಲೆಗಳಲ್ಲಿ ಕ್ಷೀರಭಾಗ್ಯದ ಹಾಲಿನ ಜೊತೆ 2024ರಿಂದ ರಾಗಿ ಮಾಲ್ಟ್ ಸೇರಿದೆ.

ಸೊಪ್ಪಿನ ಹೆಸರು ಹೇಳಬಲ್ಲವರು

ಆ ತಾಯಿಯ ಮಾತು ಕೇಳಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಮೊದಲು ಮಕ್ಕಳಿಗೊಂದು ಮನೆಪಾಠ ಕೊಟ್ಟೆ: ಅಜ್ಜಿಯನ್ನೋ ಅವ್ವನನ್ನೋ ಕೇಳಿ, ತಿನ್ನುವ ಸೊಪ್ಪುಗಳ ಹೆಸರು ಬರೆದು ತನ್ನಿ. ಮಕ್ಕಳಿಗೆ ತಾವಾಗಿ ಗೊತ್ತಿದ್ದದ್ದು ನಾಲ್ಕೋ ಐದೋ. ಅಜ್ಜಿಯರು ಹೇಳಿದ್ದು ಕರಿಹಲಗೆಯ ಎರಡು ಕಾಲಂ ತುಂಬಿತು. ಅಣ್ಣೆ ಸೊಪ್ಪು, ಕಿರಕಸಾಲೆ, ಹೊನಗೊನ್ನೆ, ಗಣಿಕೆ, ಕನ್ನೆ, ಗೋಣಿ, ದಂಟು, ಚಕ್ಕೋತ, ನುಗ್ಗೆ. ಇವನ್ನೆಲ್ಲ ಬೆರೆಸಿ ಮಾಡಿದ ಬೆರಕೆ ಸೊಪ್ಪಿನ ಉಪ್ಸಾರಿನ ರುಚಿ ಬಲ್ಲವರು ನಿಮ್ಮಲ್ಲಿ ಎಷ್ಟೋ ಜನ ಇರಬೇಕು.

ಆದರೆ ಹೆಸರು ಬರೆದ ಮಕ್ಕಳಿಗೆ ಗಿಡ ಗೊತ್ತಿಲ್ಲ. ನನಗೂ ಅರ್ಧಕ್ಕರ್ಧ ಗೊತ್ತಿಲ್ಲ. ಆಗ ನಾನೇ ಆ ತಾಯಿಯ ಮನೆಗೆ ಹೋದೆ. ಅವರು ಸಂತೆಯಲ್ಲಿ ಸೊಪ್ಪು ಮಾರುವುದನ್ನು ನೋಡಿದ್ದೆ. "ಒಂದಿನ ಬಂದು ಮಕ್ಳಿಗೆ ಸೊಪ್ಪು ತೋರಿಸಿಕೊಡಬೇಕವ್ವಾ" ಅಂದೆ. "ನಂಗೆ ಓದು ಬರಾಕಿಲ್ಲ ಮೇಷ್ಟ್ರೇ, ನಾನೇನು ಹೇಳ್ಲಿ" ಅಂದರು. "ನಂಗೆ ಸೊಪ್ಪು ಬರಾಕಿಲ್ಲವ್ವಾ" ಅಂದೆ. ನಕ್ಕುಬಿಟ್ಟರು.

ಬಂದರು. ಮಕ್ಕಳನ್ನು ಶಾಲೆಯ ಹಿಂದಿನ ಬಯಲಿಗೆ ಕರೆದುಕೊಂಡು ಹೋಗಿ ಒಂದೊಂದೇ ಗಿಡ ಕಿತ್ತು ತೋರಿಸಿದರು. ಎಲೆ ಹೇಗಿದ್ದರೆ ಎಳಸು, ಯಾವುದನ್ನು ಕುಡಿ ಚಿವುಟಬೇಕು, ಯಾವುದನ್ನು ಬೇರುಸಹಿತ ಕೀಳಬಾರದು, ಯಾವುದನ್ನು ಗೊತ್ತಿಲ್ಲದೆ ಮುಟ್ಟಬಾರದು. ಒಂದು ಗಂಟೆಯ ಪಾಠ. ಅವರ ಮಗಳು ಮುಂದಿನ ಸಾಲಿನಲ್ಲಿ ನಿಂತಿದ್ದಳು. ಆ ದಿನ ಮೊದಲ ಬಾರಿಗೆ ಆಕೆ ಸಹಪಾಠಿಗಳಿಗೆ "ಅದು ನಮ್ಮವ್ವ" ಎಂದು ಹೇಳಿಕೊಂಡದ್ದನ್ನು ಕೇಳಿದೆ.

ಹೊರಡುವಾಗ ಆ ತಾಯಿ ಹೇಳಿದ ಮಾತನ್ನು ನಿಮಗೂ ಹೇಳಬೇಕು. ಔಷಧಿ ಹೊಡೆದ ಹೊಲದ ಬದುವಿನಲ್ಲಿ ಸೊಪ್ಪು ಕುಯ್ಯಬಾರದು. ಎಲೆಕೋಸಿಗೂ ಟೊಮೇಟೊಗೂ ಹುಳುವಿನ ಔಷಧಿ ಹೊಡೆಯುತ್ತಾರೆ, ಕಳೆಗೆ ಬೇರೆ ಔಷಧಿ. ಅಣ್ಣೆಸೊಪ್ಪನ್ನು ಕಳೆಯೆಂದು ಸುಟ್ಟ ಮೇಲೆ ಅದರ ಹೆಸರು ಮಕ್ಕಳಿಗೆ ಹೇಗೆ ಗೊತ್ತಾಗಬೇಕು? ಹೊಲದಿಂದ ಗಿಡ ಹೋದರೆ ಬಾಯಿಂದ ಮಾತು ಹೋಗುತ್ತದೆ.

ನಾನು ಸಣ್ಣ ತರಗತಿಗಳನ್ನು ಕನ್ನಡದಲ್ಲಿ, ಮೇಲಿನದನ್ನು ತಮಿಳಿನಲ್ಲಿ ಓದಿದವನು. ತಮಿಳುನಾಡಿನಲ್ಲಿ 2006ರ ಕಾಯ್ದೆಯ ನಂತರ ನಮ್ಮ ಮಕ್ಕಳೂ ತಮಿಳು ಕಲಿಯಲೇಬೇಕು. ಅದನ್ನು ಹೊರೆ ಎಂದು ಕೊರಗುವ ಪೋಷಕರಿಗೆ ಊಟದ ತಟ್ಟೆಯೇ ಒಳ್ಳೆಯ ಪಠ್ಯಪುಸ್ತಕ ಎನ್ನುತ್ತೇನೆ. ಅವರೆ ತಮಿಳಿನಲ್ಲಿ ಅವರೈ, ತೊಗರಿ ತುವರೈ. ನುಗ್ಗೆ ಮಾತ್ರ ಮುರುಂಗೈ, ಸೊಪ್ಪು ಕೀರೈ, ರಾಗಿ ಕೇಳ್ವರಗು. ಆಡಿ ತಿಂಗಳಲ್ಲಿ ಮಾರಿಯಮ್ಮನ ಗುಡಿಯಲ್ಲಿ ಹಂಚುವ ಅಂಬಲಿಗೆ ಅವರು ಕೂಳ್ ಅನ್ನುತ್ತಾರೆ. ನಮ್ಮ ಕೂಳು ಅದರ ಒಡಹುಟ್ಟಿದ ಮಾತು. ಅವರಲ್ಲಿ ಅದು ದೇವರ ಪ್ರಸಾದವಾಗಿ ಉಳಿದಿದೆ. ನಮ್ಮಲ್ಲಿ 'ಕೂಳಿಗೆ ದಂಡ' ಎಂಬ ಬೈಗುಳಕ್ಕೆ ಇಳಿದಿದೆ. ಎರಡು ಭಾಷೆ ಬಲ್ಲ ಮಗುವಿಗೆ ಮಾತ್ರ ಇಂಥದ್ದು ಕಾಣುತ್ತದೆ.

ತೋಟ ಮಾಡಿ ಸೋತದ್ದು, ಉಳಿದದ್ದು

ಶಾಲೆಯಲ್ಲಿ ಕೈತೋಟವನ್ನೂ ಮಾಡಿದೆವು. ಮೊದಲ ವರ್ಷ ಟೊಮೇಟೊ, ಬದನೆ, ಬೆಂಡೆ ಹಾಕಿ ಬೀಗಿದೆವು. ರಜೆಯಲ್ಲಿ ಮೇಕೆ ನುಗ್ಗಿ ಅರ್ಧ ತಿಂದವು. ಉಳಿದರ್ಧವನ್ನು ಬೇಸಿಗೆ ರಜೆಯ ಬಿಸಿಲು ತಿಂದಿತು. ಎರಡನೇ ವರ್ಷ ಬುದ್ಧಿ ಕಲಿತು, ರಜೆಯಲ್ಲಿ ಯಾರೂ ನೋಡದಿದ್ದರೂ ಬದುಕುವಂಥದ್ದನ್ನು ನೆಟ್ಟೆವು: ನುಗ್ಗೆ, ಕರಿಬೇವು, ಪರಂಗಿ. ಮಕ್ಕಳು ತಟ್ಟೆ ತೊಳೆಯುವ ನೀರನ್ನು ಕಾಲುವೆ ತೆಗೆದು ಅವಕ್ಕೆ ತಿರುಗಿಸಿದೆವು. ಪಕ್ಕದಲ್ಲಿ ದಂಟು, ಬಸಳೆ. ನುಗ್ಗೆ ಸೊಪ್ಪನ್ನು ಅಡುಗೆಯವರಿಗೆ ಕೊಟ್ಟರೆ ಸಾಂಬಾರಿಗೆ ಬೀಳುತ್ತಿತ್ತು. ತಾವೇ ಬಿಡಿಸಿ ಕೊಟ್ಟ ಸೊಪ್ಪನ್ನು ಮಕ್ಕಳು ತಟ್ಟೆಯ ಅಂಚಿಗೆ ತಳ್ಳುವುದು ಬಹಳ ಕಡಿಮೆಯಾಯಿತು.

ನಿಮ್ಮ ಕೈಯಲ್ಲಿ ಆಗುವುದು

'ಮೇಷ್ಟ್ರು ನಿವೃತ್ತರಾಗಿ ಹಿಟ್ಟಿನ ಉಪದೇಶ ಮಾಡ್ತಾರೆ, ನಮಗೆಲ್ಲಿ ಬಿಡುವು' ಎಂದು ನೀವು ಕೇಳಬಹುದು. ಕೂಲಿಗೆ ಹೋಗಿ ಬರುವ ತಾಯಿಗೆ ಬೆಳಿಗ್ಗೆ ಎದ್ದು ಹಿಟ್ಟು ತಿರುವುವುದು ಸುಲಭವಲ್ಲ. 'ನಾವು ಬಡತನಕ್ಕೆ ರಾಗಿ ತಿಂದೆವು, ನಮ್ಮ ಮಕ್ಕಳಾದರೂ ಅನ್ನ ತಿನ್ನಲಿ' ಎನ್ನುವ ತಂದೆಯ ಮಾತಿನಲ್ಲೂ ನೋವಿದೆ. ರಾಗಿ ಬಿತ್ತಿದರೆ ಆನೆ, ಹಂದಿ ಬಿಡುವುದಿಲ್ಲ ಎನ್ನುವುದೂ ನಿಜ. ಆದ್ದರಿಂದ ದೊಡ್ಡದನ್ನು ಕೇಳುವುದಿಲ್ಲ.

ಒಂದು: ವಾರದಲ್ಲಿ ಒಂದು ದಿನ ಮಗುವಿನ ಡಬ್ಬಿಗೆ ನಿಮ್ಮ ಸೀಮೆಯ ತಿನಿಸು ಇರಲಿ. ನಮ್ಮ ಕಡೆ ಹಿಟ್ಟು ಅಥವಾ ರಾಗಿ ರೊಟ್ಟಿ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆ ಬಿಳಿಜೋಳದ ರೊಟ್ಟಿ. ಹೆಸರಾಂತ ಮಾಲದಂಡಿ ಜೋಳ ಆ ಜಿಲ್ಲೆಯ ಮೋಹೋಳದಿಂದಲೇ ಬಂದದ್ದು. ಕಾಸರಗೋಡಿನವರಿಗೆ ಪತ್ರೊಡೆ, ಹಲಸು. ಆದರೆ ಇಡೀ ತರಗತಿಯ ತಾಯಂದಿರು ಮಾತಾಡಿಕೊಂಡು ಒಂದೇ ದಿನ ಕಳಿಸಿ. ಒಂಟಿ ಡಬ್ಬಿ ನಾಚಿಕೆ ತರುತ್ತದೆ, ಮೂವತ್ತು ಡಬ್ಬಿ ಹಬ್ಬವಾಗುತ್ತದೆ. ನನ್ನ ತಪ್ಪಿನಿಂದ ನಾನು ಕಲಿತದ್ದು ಇದು.

ಎರಡು: 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಸರ್ಕಾರಿ ಶಾಲೆಯ ನಿರ್ವಹಣಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಸಭೆಗೆ ಸಹಿ ಹಾಕಲು ಮಾತ್ರ ಹೋಗಬೇಡಿ. ಊರಿನಲ್ಲೇ ತರಕಾರಿ ಇರುವಾಗ ಊರಿನದನ್ನೇ ಕೊಳ್ಳಲು ಆಗುತ್ತದೆಯೇ ಎಂದು ಕೇಳಿ. ಶಾಲೆಗಳಲ್ಲಿ ಪೌಷ್ಟಿಕ ತೋಟ ಮಾಡಲು 2019ರಲ್ಲೇ ಕೇಂದ್ರದ ಮಾರ್ಗಸೂಚಿ ಬಂದಿದೆ, ಅದನ್ನು ನೆನಪಿಸಿ.

ಮೂರು: ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸನ್ನು ಶಾಲೆಯೊಳಗೆ, ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಹೇಳುತ್ತದೆ. ಅಂಗಡಿಯವರೂ ನಮ್ಮವರೇ. ಜಗಳ ಬೇಡ. ಹುರಿದ ಕಡಲೆಕಾಯಿ, ಬೇಯಿಸಿದ ಅವರೆ, ಸೀಬೆ, ನೆಲ್ಲಿ ಇಟ್ಟರೆ ನಾವೇ ಕೊಳ್ಳುತ್ತೇವೆ ಎಂದು ಹೇಳಿ.

ನಾಲ್ಕು: ಮಗುವಿನ ಹುಟ್ಟುಹಬ್ಬಕ್ಕೋ ಮನೆಯ ಶುಭದಿನಕ್ಕೋ ಶಾಲೆಯ ಮಕ್ಕಳಿಗೆ ವಿಶೇಷ ತಿನಿಸು ಕೊಡಲು ತಿಥಿ ಭೋಜನ ಎಂಬ ಅವಕಾಶವಿದೆ. ಅಂಗಡಿಯ ಕೇಕಿನ ದುಡ್ಡಿಗೆ ನಿಮ್ಮ ಹೊಲದ ಒಂದು ಗೊನೆ ಬಾಳೆಹಣ್ಣು ಅಥವಾ ಒಂದು ಮೂಟೆ ಕಡಲೆಕಾಯಿ ಇಡೀ ಶಾಲೆಗೆ ಆಗುತ್ತದೆ. ಮುಖ್ಯೋಪಾಧ್ಯಾಯರಿಗೆ ಮುಂಚಿತವಾಗಿ ಹೇಳಿ ಮಾಡಿ.

ಐದು: ಹೊಲ ಇದ್ದವರು ಮುಂದಿನ ಬಿತ್ತನೆಗೆ ಒಂದೇ ಒಂದು ಸಾಲನ್ನು ಮಗುವಿನ ಹೆಸರಿಗೆ ಬಿಡಿ. ಅವರೆಯೋ ಅಲಸಂದೆಯೋ ಮಗುವೇ ಬಿತ್ತಲಿ, ಕಳೆ ಕೀಳಲಿ, ಎಷ್ಟು ದಿನಕ್ಕೆ ಹೂ ಬಿಟ್ಟಿತು ಎಂದು ಕನ್ನಡದಲ್ಲಿ ಬರೆದಿಡಲಿ. ಆ ಸಾಲಿನ ಕಾಯನ್ನು ಮಾರಬೇಡಿ, ಮನೆಯಲ್ಲೇ ಬೇಯಿಸಿ. ಹೊಲ ಇಲ್ಲದವರಿಗೆ ಒಂದು ಹಳೆಯ ಬಕೆಟ್ಟು ಸಾಕು. ಸೊಲ್ಲಾಪುರದ ಕಡೆ ಎಳ್ಳಮಾವಾಸ್ಯೆಗೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಣ್ಣುತ್ತಾರಲ್ಲ, ಆ ದಿನ ಮಕ್ಕಳನ್ನು ಟ್ಯೂಷನ್ನಿಗೆ ಕಳಿಸಬೇಡಿ.

ಆ ಹುಡುಗಿ ಮತ್ತೆ ಡಬ್ಬಿಯಲ್ಲಿ ಹಿಟ್ಟು ತಂದಳೇ ಎಂದು ನೀವು ಕೇಳಬಹುದು. ಇಲ್ಲ, ತರಲಿಲ್ಲ. ಹತ್ತು ವರ್ಷದ ಮಗುವಿಗೆ ಒಮ್ಮೆ ಕಲಿಸಿದ ನಾಚಿಕೆ ಒಂದು ಸೊಪ್ಪಿನ ಪಾಠಕ್ಕೆ ಬಿಡುವುದಿಲ್ಲ. ಆದರೆ ಅವಳ ಹಿಂದೆ ಬಂದ ತರಗತಿಯ ಮಕ್ಕಳು ತಂದರು. ಆ ವರ್ಷ ತಪಾಸಣೆಯ ದಿನ ಅವರು ಉಳಿದವರ ಜೊತೆ ಸಾಲಿನಲ್ಲೇ ಕೂತು ಉಂಡರು. ನಾನೂ ಅವರ ಪಕ್ಕದಲ್ಲಿ ತಟ್ಟೆ ಇಟ್ಟುಕೊಂಡು ಕೂತೆ.